ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವರಲ್ಲಿ ಹಾರ್ಮೋನುಗಳ ಏರುಪೇರು: ಲಕ್ಷಣಗಳು, ಪರೀಕ್ಷೆ, ಚಿಕಿತ್ಸೆ ಹಾಗೂ ಸೇವೆ ಪಡೆಯುವ ವಿಧಾನ

1. ಪೀಠಿಕೆ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲಿಗೆ 1986ರಲ್ಲಿ ಚೆನ್ನೈ ನಗರದಲ್ಲಿ ಪತ್ತೆಯಾಯಿತು. ಸೋಂಕಿತರಿಗೆ ಸರ್ಕಾರದ ವತಿಯಿಂದ ಉಚಿತವಾಗಿ ಎ.ಆರ್.ಟಿ. ಔಷಧ ನೀಡುವ ಕಾರ್ಯಕ್ರಮವು ದಿನಾಂಕ 1-4-2004ರಂದು ಆರಂಭಗೊಂಡಿತು. 2017ರಿಂದ ಸಿ.ಡಿ.4 ಕಣಗಳ ಎಣಿಕೆ ಎಷ್ಟೇ ಇದ್ದರೂ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆಯನ್ನು ಆರಂಭಿಸಲಾಗುತ್ತಿದೆ. ಇದರ ಫಲವಾಗಿ, ಒಂದು ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಪ್ರಾಣಾಪಾಯ ತರುತ್ತಿದ್ದ ಈ ಸೋಂಕು ಇಂದು ಮಧುಮೇಹ, ರಕ್ತದೊತ್ತಡಗಳಂತೆ ದೀರ್ಘಕಾಲ ನಿರ್ವಹಿಸಬಹುದಾದ ಸ್ಥಿತಿಯಾಗಿದೆ.

ಆಯುಷ್ಯ ಹೆಚ್ಚಿದಂತೆ ಆರೋಗ್ಯದ ಇತರ ಸಮಸ್ಯೆಗಳೂ ಗಮನಕ್ಕೆ ಬರುತ್ತಿವೆ. ಅವುಗಳಲ್ಲಿ ಹಾರ್ಮೋನುಗಳ ಏರುಪೇರು ಮುಖ್ಯವಾದದ್ದು. ನಿರಂತರ ಆಯಾಸ, ತೂಕದಲ್ಲಿ ವ್ಯತ್ಯಾಸ, ಮುಟ್ಟಿನಲ್ಲಿ ಏರುಪೇರು, ಲೈಂಗಿಕ ನಿರಾಸಕ್ತಿ, ತಲೆಸುತ್ತು ಮುಂತಾದ ತೊಂದರೆಗಳನ್ನು ಅನೇಕರು “ಸೋಂಕು ಇದ್ದ ಮೇಲೆ ಇದೆಲ್ಲ ಇದ್ದದ್ದೇ” ಎಂದು ಸಹಿಸಿಕೊಂಡು ಸುಮ್ಮನಾಗುತ್ತಾರೆ. ಇಂತಹ ತೊಂದರೆಗಳ ಹಿಂದೆ ಬಹುಮಟ್ಟಿಗೆ ಚಿಕಿತ್ಸೆಯಿಂದ ಸರಿಪಡಿಸಬಹುದಾದ ಕಾರಣ ಇರುತ್ತದೆ. ಕೆಲವು ಸಂದರ್ಭಗಳಲ್ಲಿ ಕಾರಣವನ್ನು ಬೇಗ ಪತ್ತೆ ಹಚ್ಚದಿದ್ದರೆ ಜೀವಕ್ಕೆ ಅಪಾಯವೂ ಉಂಟಾಗಬಹುದು. ಆದ್ದರಿಂದ ಸೋಂಕಿತರು, ಅವರ ಕುಟುಂಬದವರು ಹಾಗೂ ಸೇವೆಗಾಗಿ ನೋಂದಾಯಿಸಿಕೊಳ್ಳಲು ಬಯಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಹಾರ್ಮೋನು ಎಂದರೇನು?

ದೇಹದ ಕೆಲವು ಗ್ರಂಥಿಗಳು ನಾಳಗಳ ನೆರವಿಲ್ಲದೆ ನೇರವಾಗಿ ರಕ್ತಕ್ಕೆ ರಾಸಾಯನಿಕ ವಸ್ತುಗಳನ್ನು ಸ್ರವಿಸುತ್ತವೆ. ಇವನ್ನು ನಿರ್ನಾಳ ಗ್ರಂಥಿಗಳೆಂದೂ, ಅವು ಸ್ರವಿಸುವ ವಸ್ತುಗಳನ್ನು ಹಾರ್ಮೋನುಗಳೆಂದೂ ಕರೆಯಲಾಗುತ್ತದೆ. ಹಾರ್ಮೋನಿನ ಪ್ರಮಾಣ ಅತ್ಯಲ್ಪವಾದರೂ ಅದರ ಪರಿಣಾಮ ಇಡೀ ದೇಹದ ಮೇಲೆ ಆಗುತ್ತದೆ. ಮುಖ್ಯ ಗ್ರಂಥಿಗಳು ಹಾಗೂ ಅವುಗಳ ಕಾರ್ಯ ಈ ಕೆಳಕಂಡಂತಿವೆ:

• ಪಿಟ್ಯುಟರಿ ಗ್ರಂಥಿ: ಮಿದುಳಿನ ಬುಡದಲ್ಲಿದ್ದು ಉಳಿದ ಹಲವು ಗ್ರಂಥಿಗಳ ಕೆಲಸವನ್ನು ನಿಯಂತ್ರಿಸುತ್ತದೆ.
• ಥೈರಾಯಿಡ್ ಗ್ರಂಥಿ: ಕುತ್ತಿಗೆಯ ಮುಂಭಾಗದಲ್ಲಿದ್ದು ದೇಹದ ಚಯಾಪಚಯದ ವೇಗವನ್ನು ನಿರ್ಧರಿಸುತ್ತದೆ.
• ಅಡ್ರಿನಲ್ ಗ್ರಂಥಿಗಳು: ಎರಡೂ ಮೂತ್ರಪಿಂಡಗಳ ಮೇಲಿದ್ದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಜ್ವರ, ಗಾಯ, ಶಸ್ತ್ರಚಿಕಿತ್ಸೆಯಂತಹ ಒತ್ತಡವನ್ನು ತಾಳಿಕೊಳ್ಳಲು ಇದು ಅನಿವಾರ್ಯ.
• ಮೇದೋಜೀರಕ ಗ್ರಂಥಿ: ಇನ್ಸುಲಿನ್ ಮೂಲಕ ರಕ್ತದ ಸಕ್ಕರೆ ಅಂಶವನ್ನು ಹತೋಟಿಯಲ್ಲಿಡುತ್ತದೆ.
• ಅಂಡಾಶಯ ಹಾಗೂ ವೃಷಣ: ಈಸ್ಟ್ರೋಜನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟರಾನ್ ಮುಂತಾದ ಲೈಂಗಿಕ ಹಾರ್ಮೋನುಗಳನ್ನು ಸ್ರವಿಸುತ್ತವೆ.

3. ಏರುಪೇರಿಗೆ ಕಾರಣಗಳು

ಎಚ್.ಐ.ವಿ. ಸೋಂಕಿತರಲ್ಲಿ ಹಾರ್ಮೋನುಗಳ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಾರಣಗಳು ಒಟ್ಟಿಗೆ ಇರುತ್ತವೆ.

ಅ) ದೀರ್ಘಕಾಲದ ಉರಿಯೂತ: ವೈರಾಣು ದೇಹದಲ್ಲಿ ಇರುವಷ್ಟು ಕಾಲ ರೋಗನಿರೋಧಕ ವ್ಯವಸ್ಥೆಯು ಎಚ್ಚರದ ಸ್ಥಿತಿಯಲ್ಲಿಯೇ ಇರುತ್ತದೆ. ಆಗ ಉತ್ಪತ್ತಿಯಾಗುವ ವಸ್ತುಗಳು ಪಿಟ್ಯುಟರಿ ಹಾಗೂ ಇತರ ಗ್ರಂಥಿಗಳ ಕೆಲಸಕ್ಕೆ ಅಡ್ಡಿಯುಂಟುಮಾಡುತ್ತವೆ. ಎ.ಆರ್.ಟಿ. ಔಷಧದಿಂದ ವೈರಾಣು ಹತೋಟಿಗೆ ಬಂದಾಗ ಈ ಉರಿಯೂತ ಬಹಳಷ್ಟು ತಗ್ಗುತ್ತದೆ, ಪೂರ್ಣವಾಗಿ ಇಲ್ಲವಾಗುವುದಿಲ್ಲ.

ಆ) ಅವಕಾಶವಾದಿ ಸೋಂಕುಗಳು: ರೋಗನಿರೋಧಕ ಶಕ್ತಿ ಕುಗ್ಗಿದಾಗ ಕ್ಷಯ, ಸೈಟೋಮೆಗಾಲೋ ವೈರಾಣು ಹಾಗೂ ಕೆಲವು ಶಿಲೀಂಧ್ರ ಸೋಂಕುಗಳು ಗ್ರಂಥಿಗಳಿಗೇ ತಗುಲಿ ಅವನ್ನು ಹಾಳುಮಾಡಬಹುದು. ಇವುಗಳಿಗೆ ಹೆಚ್ಚಾಗಿ ಗುರಿಯಾಗುವುದು ಅಡ್ರಿನಲ್ ಗ್ರಂಥಿಗಳು.

ಇ) ಔಷಧಗಳು: ಎ.ಆರ್.ಟಿ. ಔಷಧಗಳಲ್ಲಿ ಕೆಲವು, ಕ್ಷಯರೋಗದ ಔಷಧಗಳಲ್ಲಿ ಕೆಲವು, ಸ್ಟೀರಾಯ್ಡ್ ಔಷಧಗಳು ಹಾಗೂ ಶಿಲೀಂಧ್ರ ನಿವಾರಕ ಔಷಧಗಳು ಹಾರ್ಮೋನಿನ ಪ್ರಮಾಣವನ್ನು ಬದಲಿಸಬಲ್ಲವು.

ಈ) ಅಪೌಷ್ಟಿಕತೆ ಮತ್ತು ತೂಕ ನಷ್ಟ: ದೇಹಕ್ಕೆ ಸಾಕಷ್ಟು ಆಹಾರ ದೊರೆಯದಿದ್ದಾಗ ಮಿದುಳು ಮೊದಲಿಗೆ ಸಂತಾನೋತ್ಪತ್ತಿಗೆ ಸಂಬಂಧಿಸಿದ ಹಾರ್ಮೋನುಗಳನ್ನು ಕಡಿತಗೊಳಿಸುತ್ತದೆ.

ಉ) ವಯಸ್ಸು: ಚಿಕಿತ್ಸೆಯಲ್ಲಿರುವವರಲ್ಲಿ 50 ವರ್ಷ ದಾಟಿದವರ ಸಂಖ್ಯೆ ಹೆಚ್ಚುತ್ತಿದ್ದು, ವಯೋಸಹಜ ಬದಲಾವಣೆಗಳೂ ಇವುಗಳ ಜೊತೆ ಸೇರಿಕೊಳ್ಳುತ್ತವೆ.

4. ಗ್ರಂಥಿವಾರು ವಿವರ

4.1 ಅಡ್ರಿನಲ್ ಗ್ರಂಥಿಯ ಕೊರತೆ

ಅಡ್ರಿನಲ್ ಗ್ರಂಥಿಗಳು ಹಾಳಾಗಿ ಕಾರ್ಟಿಸಾಲ್ ಕೊರತೆಯಾಗುವ ಕಾಯಿಲೆಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದರು. ಅಂದು ಅದಕ್ಕೆ ಪ್ರಮುಖ ಕಾರಣ ಕ್ಷಯರೋಗವಾಗಿತ್ತು. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇಂದಿಗೂ ಅದು ಮುಖ್ಯ ಕಾರಣಗಳಲ್ಲಿ ಒಂದಾಗಿದೆ. ಎಚ್.ಐ.ವಿ. ಮತ್ತು ಕ್ಷಯ ಎರಡೂ ಇರುವವರು ಈ ಕೆಳಕಂಡ ಲಕ್ಷಣಗಳ ಬಗ್ಗೆ ವಿಶೇಷ ಗಮನ ನೀಡತಕ್ಕದ್ದು:

• ವಿಶ್ರಾಂತಿ ಪಡೆದರೂ ಕಡಿಮೆಯಾಗದ ಆಯಾಸ, ಹಸಿವಾಗದಿರುವುದು, ತೂಕ ಇಳಿಯುವುದು
• ಕುಳಿತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬರುವುದು, ರಕ್ತದೊತ್ತಡ ಕಡಿಮೆ ಇರುವುದು
• ವಾಕರಿಕೆ, ವಾಂತಿ, ಹೊಟ್ಟೆನೋವು
• ಉಪ್ಪು ತಿನ್ನಬೇಕೆಂಬ ಅತಿಯಾದ ಬಯಕೆ
• ಒಸಡು, ಅಂಗೈ ಗೆರೆ, ಬೆರಳ ಗೆಣ್ಣು ಹಾಗೂ ಹಳೆಯ ಗಾಯದ ಕಲೆಗಳು ಹೊಸದಾಗಿ ಕಪ್ಪಾಗುವುದು
• ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಕಂಡುಬರುವುದು

ಇವುಗಳಲ್ಲಿ ಹಲವು ಲಕ್ಷಣಗಳು ಕ್ಷಯ ಹಾಗೂ ಎಚ್.ಐ.ವಿ. ಎರಡರಲ್ಲಿಯೂ ಸಾಮಾನ್ಯವಾಗಿರುವುದರಿಂದಲೇ ಈ ಕೊರತೆ ಕಣ್ತಪ್ಪಿ ಹೋಗುತ್ತದೆ. ಕ್ಷಯಕ್ಕೆ ನೀಡುವ ರಿಫಾಂಪಿಸಿನ್ ಔಷಧವು ಯಕೃತ್ತಿನಲ್ಲಿ ಕಾರ್ಟಿಸಾಲ್ ಬೇಗ ಕರಗುವಂತೆ ಮಾಡುತ್ತದೆ. ಆದಕಾರಣ ಈಗಾಗಲೇ ಅಲ್ಪ ಕೊರತೆ ಇರುವವರಲ್ಲಿ ಈ ಔಷಧ ಆರಂಭಿಸಿದ ನಂತರದ ದಿನಗಳಲ್ಲಿ ಸ್ಥಿತಿ ಒಮ್ಮೆಲೇ ಬಿಗಡಾಯಿಸಬಹುದು. ಕ್ಷಯದ ಔಷಧ ಆರಂಭಿಸಿದ ಮೇಲೆ ತೀವ್ರ ನಿಶ್ಶಕ್ತಿ ಹಾಗೂ ವಾಂತಿ ಕಾಣಿಸಿಕೊಂಡಲ್ಲಿ ತಾವಾಗಿಯೇ ಔಷಧ ನಿಲ್ಲಿಸದೆ ಕೂಡಲೇ ವೈದ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಪರೀಕ್ಷೆ: ಬೆಳಿಗ್ಗೆ ಸುಮಾರು 8 ಗಂಟೆಗೆ ರಕ್ತದಲ್ಲಿನ ಕಾರ್ಟಿಸಾಲ್ ಪ್ರಮಾಣವನ್ನು ಅಳೆಯಲಾಗುತ್ತದೆ. ಸಂದೇಹವಿದ್ದಲ್ಲಿ ಎ.ಸಿ.ಟಿ.ಎಚ್. ಚುಚ್ಚುಮದ್ದು ನೀಡಿ ಪುನಃ ಅಳೆಯಲಾಗುತ್ತದೆ.

ಚಿಕಿತ್ಸೆ: ಕೊರತೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಪ್ರತಿದಿನ ನೀಡಲಾಗುತ್ತದೆ. ಜ್ವರ, ಅಪಘಾತ ಅಥವಾ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಎಷ್ಟು ಹೆಚ್ಚಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡು, ಆ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.

4.2 ಥೈರಾಯಿಡ್ ಗ್ರಂಥಿ

ಥೈರಾಯಿಡ್ ಹಾರ್ಮೋನು ಕಡಿಮೆಯಾದಾಗ ಆಯಾಸ, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಮುಖ ಊದಿಕೊಳ್ಳುವುದು, ತೂಕ ಹೆಚ್ಚುವುದು, ಮುಟ್ಟಿನ ಸ್ರಾವ ಹೆಚ್ಚಾಗುವುದು ಕಂಡುಬರುತ್ತದೆ. ಹೆಚ್ಚಾದಾಗ ಎದೆಬಡಿತ, ಕೈನಡುಕ, ಬೆವರು, ಸೆಕೆ ತಡೆಯಲಾಗದಿರುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು ಕಂಡುಬರುತ್ತದೆ.

ಸೋಂಕಿತರಲ್ಲಿ ಸೌಮ್ಯ ಪ್ರಮಾಣದ ಥೈರಾಯಿಡ್ ಕೊರತೆ ಹೆಚ್ಚಾಗಿ ಕಂಡುಬರುತ್ತದೆ. ಇದಲ್ಲದೆ ಔಷಧ ನಿರೋಧಕ ಕ್ಷಯಕ್ಕೆ ಎಥಿಯೋನಮೈಡ್ ಅಥವಾ ಪಿ.ಎ.ಎಸ್. ಪಡೆಯುವವರಲ್ಲಿ ಥೈರಾಯಿಡ್ ಕೊರತೆ ಉಂಟಾಗಬಹುದು. ಹೆಪಟೈಟಿಸ್ ಸೋಂಕಿಗೆ ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು ಪಡೆದವರೂ ಆ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು. ಆ ಔಷಧವೂ ಥೈರಾಯಿಡ್ ಗ್ರಂಥಿಯ ಮೇಲೆ ಪರಿಣಾಮ ಬೀರುತ್ತದೆ.

ಗಮನಿಸಬೇಕಾದ ಮತ್ತೊಂದು ಸ್ಥಿತಿ ಇದೆ. ತೀರಾ ಕಡಿಮೆ ಸಿ.ಡಿ.4 ಎಣಿಕೆಯೊಂದಿಗೆ ಎ.ಆರ್.ಟಿ. ಆರಂಭಿಸಿದವರಲ್ಲಿ ರೋಗನಿರೋಧಕ ಶಕ್ತಿ ಮರಳಿ ಬರುವಾಗ ಅದು ಥೈರಾಯಿಡ್ ಗ್ರಂಥಿಯನ್ನೇ ತಪ್ಪಾಗಿ ಗುರಿಮಾಡಿ, ಗ್ರೇವ್ಸ್ ಕಾಯಿಲೆಯನ್ನು ಉಂಟುಮಾಡಬಹುದು. ಇದು ಚಿಕಿತ್ಸೆ ಆರಂಭವಾಗಿ ಒಂದೆರಡು ವರ್ಷಗಳ ನಂತರ ಕಾಣಿಸಿಕೊಳ್ಳುವುದುಂಟು. ವೈರಾಣು ಹತೋಟಿಯಲ್ಲಿದ್ದೂ, ಸಿ.ಡಿ.4 ಎಣಿಕೆ ಏರುತ್ತಿದ್ದೂ ತೂಕ ಇಳಿಯತೊಡಗಿದರೆ ಥೈರಾಯಿಡ್ ಪರೀಕ್ಷೆ ಮಾಡಿಸುವುದು ಸೂಕ್ತ.

ಟಿ.ಎಸ್.ಎಚ್. ಮತ್ತು ಫ್ರೀ ಟಿ4 ರಕ್ತ ಪರೀಕ್ಷೆಗಳಿಂದ ಇದು ತಿಳಿಯುತ್ತದೆ. ಬೇರೆ ತೀವ್ರ ಕಾಯಿಲೆ ಇರುವಾಗ ಫಲಿತಾಂಶ ತಾತ್ಕಾಲಿಕವಾಗಿ ಬದಲಾಗುವುದರಿಂದ, ಚೇತರಿಸಿಕೊಂಡ ಬಳಿಕ ವೈದ್ಯರು ಪರೀಕ್ಷೆಯನ್ನು ಪುನಃ ಮಾಡಿಸಲು ಸೂಚಿಸಬಹುದು.

4.3 ಪುರುಷರಲ್ಲಿ ಟೆಸ್ಟೋಸ್ಟರಾನ್ ಕೊರತೆ

ಲೈಂಗಿಕ ಆಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ, ಸ್ನಾಯುಗಳ ಕ್ಷೀಣತೆ, ಮನಸ್ಸಿನ ಖಿನ್ನತೆ, ಗಡ್ಡ-ರೋಮಗಳ ಬೆಳವಣಿಗೆ ಕಡಿಮೆಯಾಗುವುದು ಇದರ ಲಕ್ಷಣಗಳು. ಎ.ಆರ್.ಟಿ. ಲಭ್ಯವಾಗುವ ಮೊದಲು ಈ ಕೊರತೆ ಬಹಳ ಹೆಚ್ಚಾಗಿತ್ತು. ಈಗ ಕಡಿಮೆಯಾಗಿದ್ದರೂ ಇಲ್ಲವಾಗಿಲ್ಲ.

ಈ ಹಾರ್ಮೋನಿನ ಪ್ರಮಾಣ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ 7ರಿಂದ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನಗಳಂದು ಕನಿಷ್ಠ 2 ಬಾರಿ ರಕ್ತ ಪರೀಕ್ಷೆ ಮಾಡಿಸಿದ ನಂತರವೇ ಕೊರತೆಯನ್ನು ನಿರ್ಧರಿಸಲಾಗುತ್ತದೆ. ಎಚ್.ಐ.ವಿ. ಸೋಂಕಿತರಲ್ಲಿ ಟೆಸ್ಟೋಸ್ಟರಾನ್ ಅನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ರಕ್ತದಲ್ಲಿ ಹೆಚ್ಚಾಗಿರುವುದರಿಂದ, ಒಟ್ಟು ಪ್ರಮಾಣ ಸಹಜವೆಂದು ಕಂಡರೂ ದೇಹಕ್ಕೆ ಬಳಕೆಯಾಗುವ ಮುಕ್ತ ಪ್ರಮಾಣ ಕಡಿಮೆ ಇರಬಹುದು. ಲಕ್ಷಣಗಳಿದ್ದೂ ವರದಿ ಸಹಜವೆಂದು ಬಂದಲ್ಲಿ ಈ ಬಗ್ಗೆ ವೈದ್ಯರನ್ನು ವಿಚಾರಿಸಬಹುದು.

ವಿಶೇಷ ಸೂಚನೆ: ಹೊರಗಿನಿಂದ ಟೆಸ್ಟೋಸ್ಟರಾನ್ ನೀಡಿದಾಗ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಮಕ್ಕಳನ್ನು ಪಡೆಯಲು ಇಚ್ಛಿಸುವ ದಂಪತಿಗಳು ಇದನ್ನು ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು. ವ್ಯಾಯಾಮ ಶಾಲೆಗಳಲ್ಲಿ ಮೈಕಟ್ಟು ಬೆಳೆಸಲೆಂದು ನೀಡುವ ಚುಚ್ಚುಮದ್ದುಗಳನ್ನು ಪಡೆಯಬಾರದು.

4.4 ಮಹಿಳೆಯರ ಋತುಚಕ್ರ, ಗರ್ಭನಿರೋಧ ಹಾಗೂ ಮುಟ್ಟು ನಿಲ್ಲುವಿಕೆ

ಮುಟ್ಟು ತಪ್ಪುವುದು ಅಥವಾ ಅನಿಯಮಿತವಾಗುವುದು ಕಡಿಮೆ ತೂಕ, ರಕ್ತಹೀನತೆ, ಥೈರಾಯಿಡ್ ತೊಂದರೆ ಅಥವಾ ಜನನಾಂಗದ ಕ್ಷಯದಿಂದ ಆಗಬಹುದು. ಮುಟ್ಟು ತಪ್ಪಿದಾಗ ಮೊದಲು ಗರ್ಭಧಾರಣೆ ಪರೀಕ್ಷೆ ಮಾಡಿಸತಕ್ಕದ್ದು. ಗರ್ಭಿಣಿಯಾಗಿದ್ದಲ್ಲಿ ಎ.ಆರ್.ಟಿ. ಔಷಧವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ತಡೆಯುವುದು ಈ ಔಷಧವೇ ಆಗಿದೆ. ಡೊಲುಟೆಗ್ರಾವಿರ್ ಔಷಧದಿಂದ ಗರ್ಭಸ್ಥ ಶಿಶುವಿಗೆ ತೊಂದರೆಯಾಗಬಹುದೆಂಬ ಆತಂಕ 2018ರಲ್ಲಿ ವ್ಯಕ್ತವಾಗಿತ್ತು. ಹೆಚ್ಚಿನ ಮಾಹಿತಿ ಲಭ್ಯವಾದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಗರ್ಭಿಣಿಯರೂ ಸೇರಿದಂತೆ ಎಲ್ಲರಿಗೂ ಈ ಔಷಧವನ್ನು ಶಿಫಾರಸು ಮಾಡಿದೆ.

ಗರ್ಭನಿರೋಧಕ ಮಾತ್ರೆ, ತುರ್ತು ಗರ್ಭನಿರೋಧಕ ಮಾತ್ರೆ ಮತ್ತು ತೋಳಿನಲ್ಲಿ ಅಳವಡಿಸುವ ಇಂಪ್ಲಾಂಟ್‌ಗಳಲ್ಲಿ ಹಾರ್ಮೋನು ಇರುತ್ತದೆ. ಎಫಾವಿರೆಂಜ್ ಮತ್ತು ರಿಫಾಂಪಿಸಿನ್ ಔಷಧಗಳು ಇವುಗಳ ಪರಿಣಾಮವನ್ನು ತಗ್ಗಿಸಬಹುದು. ಡೊಲುಟೆಗ್ರಾವಿರ್ ಔಷಧಕ್ಕೆ ಈ ತೊಂದರೆ ಇಲ್ಲ. ತಾಮ್ರದ ವಂಕಿಯಲ್ಲಿ ಹಾರ್ಮೋನು ಇಲ್ಲದಿರುವುದರಿಂದ ಅದರ ಪರಿಣಾಮ ಯಾವ ಔಷಧದಿಂದಲೂ ಕುಗ್ಗುವುದಿಲ್ಲ. ಯಾವುದೇ ವಿಧಾನ ಬಳಸಿದರೂ ನಿರೋಧ್ ಬಳಕೆಯನ್ನು ಮುಂದುವರಿಸುವುದು ಒಳ್ಳೆಯದು.

ಸತತ 12 ತಿಂಗಳು ಮುಟ್ಟಾಗದಿದ್ದಲ್ಲಿ ಮುಟ್ಟು ನಿಂತಿದೆ ಎನ್ನಲಾಗುತ್ತದೆ. 45 ವರ್ಷಕ್ಕೆ ಮೊದಲೇ ನಿಂತರೆ ಅದು ಬೇಗ ಎಂದೂ, 40 ವರ್ಷಕ್ಕೆ ಮೊದಲೇ ನಿಂತರೆ ಅಕಾಲಿಕವೆಂದೂ ಪರಿಗಣಿಸಲಾಗುತ್ತದೆ. ಸೋಂಕಿತ ಮಹಿಳೆಯರಲ್ಲಿ ಇದು ಸ್ವಲ್ಪ ಬೇಗ ಸಂಭವಿಸುವುದುಂಟು. ಇಂಥವರು ಮೂಳೆ ಹಾಗೂ ಹೃದಯದ ಆರೋಗ್ಯದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಮುಟ್ಟು ನಿಂತ ಮೇಲೆ ಪುನಃ ರಕ್ತಸ್ರಾವವಾದರೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣತಕ್ಕದ್ದು. ಸೋಂಕಿತ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಇತರರಿಗಿಂತ ಹೆಚ್ಚಾಗಿರುವುದರಿಂದ ಅದರ ತಪಾಸಣೆಯೂ ಅಗತ್ಯ.

4.5 ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಹಾರ್ಮೋನು ಚಿಕಿತ್ಸೆ

ಈಸ್ಟ್ರೋಜನ್ ಅಥವಾ ಟೆಸ್ಟೋಸ್ಟರಾನ್ ಚಿಕಿತ್ಸೆಯಲ್ಲಿರುವ ಕೆಲವರು, ಎ.ಆರ್.ಟಿ. ಔಷಧದಿಂದ ಹಾರ್ಮೋನಿನ ಪರಿಣಾಮ ಹಾಳಾಗುವುದೆಂಬ ಭಯದಿಂದ ಎ.ಆರ್.ಟಿ. ನಿಲ್ಲಿಸುವುದುಂಟು. ಇದು ಅಪಾಯಕಾರಿ. ಎಫಾವಿರೆಂಜ್‌ನಂತಹ ಕೆಲವು ಔಷಧಗಳು ಈಸ್ಟ್ರೋಜನ್ ಪ್ರಮಾಣವನ್ನು ತಗ್ಗಿಸಬಹುದಾದರೂ ಡೊಲುಟೆಗ್ರಾವಿರ್ ಹಾಗೆ ಮಾಡುವುದಿಲ್ಲ. ಎರಡೂ ಚಿಕಿತ್ಸೆಗಳನ್ನು ಒಟ್ಟಿಗೆ ಮುಂದುವರಿಸಲು ಸಾಧ್ಯವಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗಾಗಿ ಸಂಸತ್ತು ಅಂಗೀಕರಿಸಿದ 2019ರ ಕಾಯಿದೆಯು, ಹಾರ್ಮೋನು ಚಿಕಿತ್ಸೆ ಸೇರಿದಂತೆ ಇವರಿಗೆ ವೈದ್ಯಕೀಯ ಸೌಲಭ್ಯ ಕಲ್ಪಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿದೆ.

4.6 ರಕ್ತದ ಸಕ್ಕರೆ ಹಾಗೂ ದೇಹದ ಕೊಬ್ಬು

ಹಿಂದೆ ಬಳಕೆಯಲ್ಲಿದ್ದ ಸ್ಟಾವುಡಿನ್ ಔಷಧದಿಂದ ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿ ಮುಖ ಬತ್ತಿದಂತಾಗುತ್ತಿತ್ತು. ಈ ಔಷಧದ ಬಳಕೆಯನ್ನು ಹಂತಹಂತವಾಗಿ ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸಲಹೆ ನೀಡಿತು. ಈಗಿನ ಪ್ರಥಮ ಹಂತದ ಚಿಕಿತ್ಸೆಯು ಟೆನೊಫೊವಿರ್, ಲ್ಯಾಮಿವುಡಿನ್ ಹಾಗೂ ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆಯಾಗಿದೆ. ಇದನ್ನು ಆರಂಭಿಸಿದ ನಂತರ ಕೆಲವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ತೂಕ ಹೆಚ್ಚುತ್ತದೆ. ಕೆಲವರಲ್ಲಿ ರಕ್ತದ ಸಕ್ಕರೆಯೂ ಏರಬಹುದು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸತಕ್ಕದ್ದು.

ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಏನನ್ನೂ ಸೇವಿಸದೆ ಮಾಡಿಸುವ ಪರೀಕ್ಷೆಯಲ್ಲಿ ಸಕ್ಕರೆ ಅಂಶವು 100 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಸಹಜ, 100ರಿಂದ 125 ಇದ್ದರೆ ಮಧುಮೇಹದ ಪೂರ್ವಸ್ಥಿತಿ, 126 ಅಥವಾ ಹೆಚ್ಚಿದ್ದು ಪುನರ್ ಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಮಧುಮೇಹ ಎಂದು ಪರಿಗಣಿಸಲಾಗುತ್ತದೆ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್.ಬಿ.ಎ.1ಸಿ. ಪರೀಕ್ಷೆಯು ಸೋಂಕಿತರಲ್ಲಿ, ಅದರಲ್ಲಿಯೂ ಜಿಡೊವುಡಿನ್ ಅಥವಾ ಅಬಾಕವಿರ್ ಪಡೆಯುತ್ತಿರುವವರಲ್ಲಿ, ವಾಸ್ತವಕ್ಕಿಂತ ಕಡಿಮೆ ತೋರಿಸಬಹುದು. ಆದ್ದರಿಂದ ಅದೊಂದನ್ನೇ ನಂಬಿ ಮಧುಮೇಹ ಇಲ್ಲವೆಂದು ತೀರ್ಮಾನಿಸಬಾರದು.

4.7 ಮೂಳೆಗಳು

ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಔಷಧವು ಮೂಳೆಗಳ ಸಾಂದ್ರತೆಯನ್ನು ಸ್ವಲ್ಪ ತಗ್ಗಿಸಬಹುದು. ಎಫಾವಿರೆಂಜ್ ಔಷಧದಿಂದ ‘ಡಿ’ ಜೀವಸತ್ವ ಕಡಿಮೆಯಾಗಬಹುದು. ಲೈಂಗಿಕ ಹಾರ್ಮೋನುಗಳ ಕೊರತೆ, ಧೂಮಪಾನ, ಮದ್ಯಪಾನ ಹಾಗೂ ಸ್ಟೀರಾಯ್ಡ್ ಬಳಕೆ ಇದನ್ನು ಉಲ್ಬಣಗೊಳಿಸುತ್ತವೆ. 50 ವರ್ಷ ದಾಟಿದ ಪುರುಷರು, ಮುಟ್ಟು ನಿಂತ ಮಹಿಳೆಯರು ಹಾಗೂ ಸಣ್ಣ ಪೆಟ್ಟಿಗೇ ಮೂಳೆ ಮುರಿದವರು ಮೂಳೆ ಸಾಂದ್ರತೆಯ ತಪಾಸಣೆ ಕುರಿತು ವೈದ್ಯರಲ್ಲಿ ವಿಚಾರಿಸತಕ್ಕದ್ದು. ರಾಗಿ, ಹಾಲು, ಮೊಸರು, ಸೊಪ್ಪು, ಎಳ್ಳು ಸೇರಿದ ಆಹಾರ, ಬಿಸಿಲಿನಲ್ಲಿ ಓಡಾಟ ಹಾಗೂ ನಿಯಮಿತ ನಡಿಗೆ ಸಹಕಾರಿ.

4.8 ಮಕ್ಕಳು ಹಾಗೂ ಹದಿಹರೆಯದವರು

ಹುಟ್ಟಿನಿಂದ ಸೋಂಕಿರುವ ಮಕ್ಕಳಲ್ಲಿ ಬೆಳವಣಿಗೆ ಹಾಗೂ ಪ್ರೌಢಾವಸ್ಥೆ ತಡವಾಗಬಹುದು. ಪ್ರತಿ ಭೇಟಿಯಲ್ಲಿಯೂ ಎತ್ತರ ಮತ್ತು ತೂಕವನ್ನು ಅಳೆಸಿ ಪುಸ್ತಕದಲ್ಲಿ ಬರೆಸತಕ್ಕದ್ದು. 13 ವರ್ಷವಾದರೂ ಹೆಣ್ಣುಮಕ್ಕಳಲ್ಲಿ ಸ್ತನಗಳ ಬೆಳವಣಿಗೆ, 14 ವರ್ಷವಾದರೂ ಗಂಡುಮಕ್ಕಳಲ್ಲಿ ವೃಷಣಗಳ ಬೆಳವಣಿಗೆ ಆರಂಭವಾಗದಿದ್ದಲ್ಲಿ ಮಕ್ಕಳ ತಜ್ಞರ ಸಲಹೆ ಪಡೆಯತಕ್ಕದ್ದು. ಎ.ಆರ್.ಟಿ. ಬೇಗ ಆರಂಭಿಸಿದ ಮಕ್ಕಳಲ್ಲಿ ಬೆಳವಣಿಗೆ ಉತ್ತಮವಾಗಿರುತ್ತದೆ.

5. ಔಷಧಗಳ ಪರಸ್ಪರ ಪರಿಣಾಮ: ಕಡ್ಡಾಯವಾಗಿ ಗಮನಿಸಬೇಕಾದ ಅಂಶಗಳು

ಸೋಂಕಿನ ವಿಷಯವನ್ನು ಮರೆಮಾಚಿ ಬೇರೆ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರು ಅರಿಯದೆಯೇ ಅಪಾಯಕ್ಕೆ ಸಿಲುಕುತ್ತಾರೆ. ಏಕೆಂದರೆ ಆ ವೈದ್ಯರಿಗೆ ಎ.ಆರ್.ಟಿ. ಔಷಧದ ವಿವರ ಇಲ್ಲದೆ ಹೊಂದಾಣಿಕೆಯಾಗದ ಔಷಧವನ್ನು ಬರೆದುಕೊಡುವ ಸಂಭವವಿದೆ.

ಅ) ಸ್ಟೀರಾಯ್ಡ್: ದ್ವಿತೀಯ ಹಂತದ ಚಿಕಿತ್ಸೆಯಲ್ಲಿ ಬಳಸುವ ರಿಟೊನಾವಿರ್ ಔಷಧವು ದೇಹದಲ್ಲಿ ಸ್ಟೀರಾಯ್ಡ್ ಕರಗುವುದನ್ನು ತಡೆಯುತ್ತದೆ. ಹೀಗಾಗಿ ಉಬ್ಬಸಕ್ಕೆ ಸೇದುವ ಫ್ಲೂಟಿಕಾಸೋನ್ ಅಥವಾ ಬುಡೆಸೊನೈಡ್, ಮಂಡಿನೋವಿಗೆ ಕೀಲಿನೊಳಗೆ ನೀಡುವ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಇವು ಅಲ್ಪ ಪ್ರಮಾಣದಲ್ಲಿದ್ದರೂ ರಕ್ತದಲ್ಲಿ ಶೇಖರವಾಗುತ್ತವೆ. ಮುಖ ದುಂಡಗಾಗುವುದು, ಹೊಟ್ಟೆ ದಪ್ಪವಾಗಿ ನೇರಳೆ ಬಣ್ಣದ ಗೆರೆಗಳು ಮೂಡುವುದು, ಸಕ್ಕರೆ ಹಾಗೂ ರಕ್ತದೊತ್ತಡ ಏರುವುದು ಇದರ ಚಿಹ್ನೆಗಳು. ಜೊತೆಗೆ ದೇಹದ ಸ್ವಂತ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ಇಂತಹ ಸಂದರ್ಭದಲ್ಲಿ ಸ್ಟೀರಾಯ್ಡ್ ಅನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಉಬ್ಬಸಕ್ಕೆ ಬೆಕ್ಲೊಮೆಥಾಸೋನ್ ಹೆಚ್ಚು ಸುರಕ್ಷಿತ ಪರ್ಯಾಯವಾಗಿದೆ.

ಆ) ಮೆಟ್‌ಫಾರ್ಮಿನ್: ಡೊಲುಟೆಗ್ರಾವಿರ್ ಪಡೆಯುವವರಲ್ಲಿ ಈ ಮಧುಮೇಹದ ಮಾತ್ರೆಯ ಪ್ರಮಾಣ ರಕ್ತದಲ್ಲಿ ಹೆಚ್ಚಾಗುತ್ತದೆ. ದಿನಕ್ಕೆ 1000 ಮಿ.ಗ್ರಾಂ. ಮೀರದಂತೆ ನೀಡುವುದು ರೂಢಿ.

ಇ) ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ಹಾಗೂ ಆಮ್ಲಪಿತ್ತದ ಔಷಧ: ಇವು ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಡೊಲುಟೆಗ್ರಾವಿರ್ ಅನ್ನು ಇವುಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಸೇವಿಸತಕ್ಕದ್ದು. ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಯನ್ನು ಊಟದ ಜೊತೆಯಲ್ಲಾದರೆ ಒಟ್ಟಿಗೆ ಸೇವಿಸಬಹುದು. ಆಮ್ಲಪಿತ್ತದ ಔಷಧಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಈ) ಥೈರಾಯಿಡ್ ಮಾತ್ರೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೇವಿಸಿ, ಕ್ಯಾಲ್ಸಿಯಂ ಹಾಗೂ ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆಗಳ ಅಂತರವಿಡತಕ್ಕದ್ದು.

ಉ) ರಿಫಾಂಪಿಸಿನ್: ಕ್ಷಯಕ್ಕೆ ಈ ಔಷಧ ಪಡೆಯುವ ಅವಧಿಯಲ್ಲಿ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ 2 ಬಾರಿ ನೀಡಬೇಕಾಗುತ್ತದೆ. ಥೈರಾಯಿಡ್ ಮಾತ್ರೆಯ ಪ್ರಮಾಣವನ್ನೂ ವೈದ್ಯರು ಹೆಚ್ಚಿಸಬೇಕಾಗಬಹುದು.

6. ಸೇವೆ ಪಡೆಯುವ ವಿಧಾನ

ಹಂತ 1: ಸೋಂಕಿನ ಬಗ್ಗೆ ಇನ್ನೂ ಪರೀಕ್ಷೆ ಮಾಡಿಸದವರು ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ. ಕೇಂದ್ರವನ್ನು ಸಂಪರ್ಕಿಸಬಹುದು. ಆಪ್ತಸಮಾಲೋಚನೆ ಹಾಗೂ ಪರೀಕ್ಷೆ ಉಚಿತವಾಗಿರುತ್ತದೆ.

ಹಂತ 2: ಸೋಂಕು ದೃಢಪಟ್ಟವರು ಎ.ಆರ್.ಟಿ. ಕೇಂದ್ರದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಎ.ಆರ್.ಟಿ. ಔಷಧ, ಸಿ.ಡಿ.4 ಎಣಿಕೆ ಹಾಗೂ ವೈರಾಣು ಪ್ರಮಾಣದ ಪರೀಕ್ಷೆಗಳನ್ನು ಕಾರ್ಯಕ್ರಮದ ಅಡಿಯಲ್ಲಿ ಉಚಿತವಾಗಿ ಒದಗಿಸಲಾಗುತ್ತದೆ.

ಹಂತ 3: ಮೇಲ್ಕಂಡ ಯಾವುದೇ ಲಕ್ಷಣ ಇದ್ದಲ್ಲಿ, ಮಾಸಿಕ ಔಷಧ ಪಡೆಯಲು ಬಂದಾಗ ಕೇವಲ ಔಷಧ ಪಡೆದು ಹಿಂದಿರುಗದೆ ವೈದ್ಯಾಧಿಕಾರಿಗಳನ್ನು ಭೇಟಿಮಾಡಿ ತಿಳಿಸತಕ್ಕದ್ದು. ಸಂಕೋಚವಿದ್ದಲ್ಲಿ ಮೊದಲು ಆಪ್ತಸಮಾಲೋಚಕರಿಗೆ ತಿಳಿಸಬಹುದು.

ಹಂತ 4: ಅಗತ್ಯವಿದ್ದಲ್ಲಿ ವೈದ್ಯಾಧಿಕಾರಿಗಳು ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತಜ್ಞರಿಗೆ ಶಿಫಾರಸು ಪತ್ರ ನೀಡುತ್ತಾರೆ. ಮಧುಮೇಹ ಹಾಗೂ ರಕ್ತದೊತ್ತಡ ತಪಾಸಣೆಯನ್ನು ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯಗಳಲ್ಲಿ ಮಾಡಿಸಬಹುದು.

ತಜ್ಞರ ಭೇಟಿಗೆ ತರಬೇಕಾದವು:
• ಶಿಫಾರಸು ಪತ್ರ ಹಾಗೂ ಎ.ಆರ್.ಟಿ. ಕೇಂದ್ರದ ಪುಸ್ತಕ
• ಸೇವಿಸುತ್ತಿರುವ ಎಲ್ಲ ಮಾತ್ರೆ, ಸೇದುವ ಔಷಧ, ಮುಲಾಮು, ನಾಟಿ ಔಷಧಗಳ ಪಟ್ಟಿ ಅಥವಾ ಅವುಗಳ ಹೊದಿಕೆ
• ಕಳೆದ 6 ತಿಂಗಳಲ್ಲಿ ಪಡೆದ ಚುಚ್ಚುಮದ್ದುಗಳ ವಿವರ
• ಹಿಂದಿನ ರಕ್ತ ಪರೀಕ್ಷೆಯ ವರದಿಗಳು
• ಮಹಿಳೆಯರು ಕೊನೆಯ ಮುಟ್ಟಿನ ದಿನಾಂಕವನ್ನು ಬರೆದುಕೊಂಡು ಬರುವುದು

7. ಗೋಪ್ಯತೆ ಮತ್ತು ಕಾನೂನಿನ ರಕ್ಷಣೆ

ಎಚ್.ಐ.ವಿ. ಮತ್ತು ಏಡ್ಸ್ ತಡೆಗಟ್ಟುವಿಕೆ ಹಾಗೂ ನಿಯಂತ್ರಣ ಕಾಯಿದೆ, 2017 ದಿನಾಂಕ 10-9-2018ರಿಂದ ಜಾರಿಯಲ್ಲಿದೆ. ಇದರನ್ವಯ:

• ಸೋಂಕಿನ ಕಾರಣದಿಂದ ಚಿಕಿತ್ಸೆ ನಿರಾಕರಿಸುವುದು, ಉದ್ಯೋಗ ಅಥವಾ ಶಿಕ್ಷಣದಲ್ಲಿ ತಾರತಮ್ಯ ಮಾಡುವುದು ನಿಷಿದ್ಧ.
• ವ್ಯಕ್ತಿಯ ತಿಳಿವಳಿಕೆಯುಕ್ತ ಸಮ್ಮತಿ ಇಲ್ಲದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ. ಕಾಯಿದೆಯಲ್ಲಿ ಹೇಳಿರುವ ಸಂದರ್ಭಗಳ ಹೊರತು ಆ ಮಾಹಿತಿಯನ್ನು ಬಹಿರಂಗಪಡಿಸುವಂತಿಲ್ಲ.
• 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು, ಆರೋಗ್ಯ ಸಂಸ್ಥೆಗಳಾದಲ್ಲಿ 20 ಅಥವಾ ಹೆಚ್ಚು ಜನರಿದ್ದರೆ, ದೂರು ಸ್ವೀಕಾರ ಅಧಿಕಾರಿಯನ್ನು ನೇಮಿಸತಕ್ಕದ್ದು.
• ಆರೋಗ್ಯ ಸೇವೆಗೆ ಸಂಬಂಧಿಸಿದ ಉಲ್ಲಂಘನೆಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

ತಜ್ಞ ವೈದ್ಯರಿಗೆ ತಮ್ಮ ಸೋಂಕಿನ ವಿಷಯ ತಿಳಿಸುವುದರಿಂದ ಅದು ಊರಿಗೆಲ್ಲ ತಿಳಿಯುವುದೆಂದು ಆತಂಕಪಡಬೇಕಾಗಿಲ್ಲ. ಗೋಪ್ಯತೆ ಕಾಪಾಡುವುದು ಅವರ ಕಾನೂನುಬದ್ಧ ಕರ್ತವ್ಯವಾಗಿರುತ್ತದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎ.ಆರ್.ಟಿ. ಔಷಧದಿಂದಲೇ ತೊಂದರೆ ಆಗುತ್ತಿದೆ ಎನಿಸಿದರೆ ಕೆಲವು ದಿನ ನಿಲ್ಲಿಸಿ ನೋಡಬಹುದೇ?
ಉತ್ತರ: ಇಲ್ಲ. ನಿಲ್ಲಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ಸ್ಥಿತಿಯೂ ಬರಬಹುದು. ವೈದ್ಯರಿಗೆ ತಿಳಿಸಿದಲ್ಲಿ ಬೇರೆ ಔಷಧಕ್ಕೆ ಬದಲಾಯಿಸುವ ಅವಕಾಶವಿದೆ.

ಪ್ರಶ್ನೆ: ಯಾವ ತೊಂದರೆಯೂ ಇಲ್ಲದಿದ್ದರೂ ಎಲ್ಲ ಹಾರ್ಮೋನು ಪರೀಕ್ಷೆಗಳನ್ನು ಮಾಡಿಸಬೇಕೇ?
ಉತ್ತರ: ಅಗತ್ಯವಿಲ್ಲ. ತೂಕ, ರಕ್ತದೊತ್ತಡ ಹಾಗೂ ಸಕ್ಕರೆ ಪರೀಕ್ಷೆಗಳು ನಿಯತವಾಗಿ ನಡೆಯತಕ್ಕದ್ದು. ಉಳಿದವನ್ನು ಲಕ್ಷಣಗಳಿದ್ದಾಗ ಮಾತ್ರ ವೈದ್ಯರ ಸಲಹೆಯಂತೆ ಮಾಡಿಸಿದರೆ ಸಾಕು.

ಪ್ರಶ್ನೆ: ಹಾರ್ಮೋನು ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕೇ?
ಉತ್ತರ: ಕಾರಣವನ್ನು ಅವಲಂಬಿಸಿರುತ್ತದೆ. ಕ್ಷಯದಿಂದ ಅಡ್ರಿನಲ್ ಗ್ರಂಥಿ ಹಾಳಾದವರಿಗೆ ಬಹುಮಟ್ಟಿಗೆ ಜೀವನಪರ್ಯಂತ ಬೇಕಾಗುತ್ತದೆ. ಅಪೌಷ್ಟಿಕತೆಯಿಂದ ಆದ ಏರುಪೇರು ತೂಕ ಸುಧಾರಿಸಿದಾಗ ತಾನಾಗಿಯೇ ಸರಿಹೋಗಬಹುದು.

ಪ್ರಶ್ನೆ: ಆಯಾಸಕ್ಕೆ ಔಷಧ ಅಂಗಡಿಯಿಂದ ಶಕ್ತಿಯ ಮಾತ್ರೆ ತೆಗೆದುಕೊಳ್ಳಬಹುದೇ?
ಉತ್ತರ: ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಅಂತಹ ಕೆಲವು ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವ ಸಂಭವವಿದ್ದು, ಕ್ಯಾಲ್ಸಿಯಂ-ಕಬ್ಬಿಣಾಂಶ ಇರುವವು ಎ.ಆರ್.ಟಿ. ಔಷಧದ ಪರಿಣಾಮವನ್ನು ತಗ್ಗಿಸುತ್ತವೆ.

9. ತುರ್ತು ಸಂದರ್ಭ

ಈ ಕೆಳಕಂಡ ಯಾವುದೇ ಚಿಹ್ನೆ ಕಂಡುಬಂದಲ್ಲಿ ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ತೆರಳತಕ್ಕದ್ದು. ಆಂಬುಲೆನ್ಸ್ ಸೇವೆಗಾಗಿ 108ಕ್ಕೆ ಕರೆ ಮಾಡಬಹುದು.

• ಪದೇ ಪದೇ ವಾಂತಿಯೊಂದಿಗೆ ತೀವ್ರ ನಿಶ್ಶಕ್ತಿ, ಪ್ರಜ್ಞೆ ತಪ್ಪುವುದು
• ಸ್ಟೀರಾಯ್ಡ್ ಔಷಧ ನಿಲ್ಲಿಸಿದ ಬಳಿಕ ರಕ್ತದೊತ್ತಡ ಕುಸಿಯುವುದು
• ಮಧುಮೇಹಿಗಳಲ್ಲಿ ಏದುಸಿರು, ಗೊಂದಲ, ಅತಿಯಾದ ನಿದ್ರೆ
• ತೀವ್ರ ಎದೆಬಡಿತದೊಂದಿಗೆ ಜ್ವರ ಹಾಗೂ ಕಳವಳ

ಆಸ್ಪತ್ರೆಗೆ ಕರೆತಂದವರು ರೋಗಿಯು ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ಕರ್ತವ್ಯನಿರತ ವೈದ್ಯರಿಗೆ ತಪ್ಪದೆ ನೀಡತಕ್ಕದ್ದು.

ಎಚ್.ಐ.ವಿ. ಕುರಿತ ಮಾಹಿತಿ, ಆಪ್ತಸಮಾಲೋಚನೆ ಹಾಗೂ ಹತ್ತಿರದ ಕೇಂದ್ರದ ವಿಳಾಸಕ್ಕಾಗಿ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದಾಗಿದೆ. ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ವೈದ್ಯರ ಸಲಹೆಯ ಮೇರೆಗೆ ಕೈಗೊಳ್ಳತಕ್ಕದ್ದು. ಸಾರ್ವಜನಿಕರು ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.